ಪ್ಲಗಿನ್ ಇದೆ, ಆದ್ರೆ ಸಿಗ್ತಿಲ್ಲ: ಕಮಾಂಡ್ ಲೈನ್ ಟೂಲ್‌ಗಳು ಎಲ್ಲೆಲ್ಲಿ ಹುಡುಕುತ್ತವೆ?

ಇವತ್ತಿನ ಮಾತು ಒಂದು ಎರರ್ ಮೆಸೇಜ್‌ನಿಂದ ಶುರು ಮಾಡೋಣ. ಕೈಯಲ್ಲಿ ಹೊಸ ಮ್ಯಾಕ್ ಇದೆ ಅಂದ್ಕೊಳ್ಳಿ. ಹೋಮ್‌ಬ್ರೂ ಹಾಕಿದ್ರಿ, ಅದರಿಂದ ಡಾಕರ್ ಹಾಕಿದ್ರಿ, ಆಮೇಲೆ ಡಾಕರ್ ಕಂಪೋಸ್ ಕೂಡ ಹಾಕಿದ್ರಿ. ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ 'ಡಾಕರ್ ಕಂಪೋಸ್ ಅಪ್ -ಡಿ' ಅಂತ ಹೊಡೆದ್ರಿ. ಬರೋ ಉತ್ತರ: 'ಅನ್‌ನೋನ್ ಶಾರ್ಟ್‌ಹ್ಯಾಂಡ್ ಫ್ಲ್ಯಾಗ್: ಡಿ'. ಅಂದ್ರೆ, '-ಡಿ' ಅನ್ನೋದು ಏನು ಅಂತ ನಂಗೆ ಗೊತ್ತಿಲ್ಲ.

ಈ ಮೆಸೇಜ್ ಓದಿದೋರು ಮೊದಲು ಅನುಮಾನ ಪಡೋದು '-ಡಿ' ಮೇಲೆ. ಕಂಪೋಸ್ ಬದಲಾಗಿದೆಯಾ, ಈ ಫ್ಲ್ಯಾಗ್ ತೆಗೆದುಬಿಟ್ರಾ ಅಂತ. ಚೆನ್ನೈಯಿಂದ ನಮ್ಮ ಪುಣೆ ಟೀಮಿಗೆ ಸೇರಿದ ಒಬ್ಬ ಹುಡುಗಿ ತನ್ನ ಮೊದಲ ದಿನದ ಮಧ್ಯಾಹ್ನವಿಡೀ ಯಾಮಲ್ ಫೈಲ್‌ನ ಇಂಡೆಂಟೇಶನ್ ಸರಿ ಮಾಡ್ತಾ ಕೂತಿದ್ಲು. ಫೈಲ್‌ನಲ್ಲಿ ಏನೂ ತಪ್ಪಿರಲಿಲ್ಲ. ಡಾಕರ್ ಆ ಫೈಲನ್ನ ತೆರೆದೇ ಇರಲಿಲ್ಲ. ಕಂಪೋಸ್ ಅನ್ನೋ ಪ್ಲಗಿನ್ ಅದಕ್ಕೆ ಸಿಕ್ಕಿರಲಿಲ್ಲ. ಹಾಗಾಗಿ 'ಕಂಪೋಸ್' ಅನ್ನೋ ಪದಕ್ಕೆ ಅದರ ಲೆಕ್ಕದಲ್ಲಿ ಅರ್ಥವೇ ಇಲ್ಲ. ಮುಂದಿದ್ದ '-ಡಿ'ಯನ್ನ ತನ್ನದೇ ಫ್ಲ್ಯಾಗ್ ಅಂತ ಓದೋಕೆ ಹೋಗಿ ಅಲ್ಲಿ ಮುಗ್ಗರಿಸಿತು. 'ಡಾಕರ್ ಕಂಪೋಸ್ ವರ್ಶನ್' ಅಂತ ಫ್ಲ್ಯಾಗ್ ಇಲ್ಲದೆ ಹೊಡೆದು ನೋಡಿ, ಆಗ ನಿಜ ಹೇಳತ್ತೆ: ಕಂಪೋಸ್ ಅನ್ನೋ ಕಮಾಂಡ್ ಡಾಕರ್‌ನಲ್ಲಿ ಇಲ್ಲ.

ಮುಂದೆ ಹೋಗೋ ಮುಂಚೆ ಒಂದು ಸಣ್ಣ ಸೂಚನೆ. ವಿಡಿಯೋದಲ್ಲಿ ಸ್ಕ್ರೀನ್ ಮೇಲೆ ಟೈಪ್ ಮಾಡಿದ್ದನ್ನ ಇಲ್ಲಿ ಓದಿ ಹೇಳೋ ಹಾಗೆ ಕನ್ನಡದಲ್ಲೇ ಬರೆದಿದ್ದೀನಿ. ಟರ್ಮಿನಲ್‌ನಲ್ಲಿ ಮಾಮೂಲಿ ಇಂಗ್ಲಿಷ್ ಅಕ್ಷರಗಳೇ.

ಸರಿ, ಪ್ಲಗಿನ್ ಅಂದ್ರೆ ಏನು? ಡಾಕರ್, ಗಿಟ್, ಕ್ಯೂಬ್‌ಸಿಟಿಎಲ್ (ಕ್ಯೂಬ್ ಕಂಟ್ರೋಲ್ ಅನ್ನಿ, ಕ್ಯೂಬ್ ಕಟಲ್ ಅನ್ನಿ, ಜಗಳ ಬೇಡ), ಈ ಥರದ ಟೂಲ್‌ಗಳಲ್ಲಿ ಪ್ಲಗಿನ್ ಅಂದ್ರೆ ಬೇರೆ ಒಂದು ಎಕ್ಸಿಕ್ಯೂಟಬಲ್ ಫೈಲ್, ಅಷ್ಟೇ. ಹೆಸರಿಗೆ ಒಂದು ನಿಯಮ ಇರತ್ತೆ. ಡಾಕರ್‌ಗೆ 'ಡಾಕರ್-ಕಂಪೋಸ್', ಗಿಟ್‌ಗೆ 'ಗಿಟ್-ಏನೋ', ಕ್ಯೂಬ್‌ಸಿಟಿಎಲ್‌ಗೆ 'ಕ್ಯೂಬ್‌ಸಿಟಿಎಲ್-ಏನೋ'. ನೀವು ನಡುವೆ ಸ್ಪೇಸ್ ಕೊಟ್ಟು ಬರೆದದ್ದನ್ನ ಟೂಲ್ ನಡುವೆ ಹೈಫನ್ ಹಾಕಿ ಹುಡುಕತ್ತೆ. ಎಲ್ಲಿ ಹುಡುಕತ್ತೆ ಅನ್ನೋದರಲ್ಲಿ ಮಾತ್ರ ಒಂದೊಂದರ ದಾರಿ ಒಂದೊಂದು. ಗೊಂದಲ ಎಲ್ಲ ಹುಟ್ಟೋದು ಅಲ್ಲಿಂದಲೇ.

ಡಾಕರ್‌ನಿಂದ ಶುರು ಮಾಡೋಣ, ಯಾಕಂದ್ರೆ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳೋದು ಇಲ್ಲಿ. ಡಾಕರ್‌ನ ಕಮಾಂಡ್ ಲೈನ್ ಪ್ಲಗಿನ್ ವ್ಯವಸ್ಥೆ ಬಂದದ್ದು 2019ರಲ್ಲಿ, 19.03 ವರ್ಶನ್ ಜೊತೆ. ಅದಕ್ಕೂ ಮುಂಚಿನ ಕಂಪೋಸ್ ಪೈಥಾನ್‌ನಲ್ಲಿ ಬರೆದ ಬೇರೆಯೇ ಪ್ರೋಗ್ರಾಂ. ಹೈಫನ್ ಹಾಕಿ 'ಡಾಕರ್-ಕಂಪೋಸ್' ಅಂತಲೇ ಕರೀತಿದ್ವಿ. ಅದು ಸಾಮಾನ್ಯ ಪ್ರೋಗ್ರಾಂ ಆದ್ದರಿಂದ ಪಾಥ್‌ನಲ್ಲಿ ಎಲ್ಲಿದ್ರೂ ಶೆಲ್ ಹುಡುಕಿ ಕೊಡ್ತಿತ್ತು. ಆ ಹಳೇ ಕಂಪೋಸ್‌ಗೆ 2023ರ ಜುಲೈಯಿಂದ ಅಪ್‌ಡೇಟ್ ನಿಂತಿದೆ. ಹೊಸದು ಗೋ ಭಾಷೆಯಲ್ಲಿ ಬರೆದ ಪ್ಲಗಿನ್. ಮತ್ತೆ ಗಮನಿಸಿ, ಪ್ಲಗಿನ್ ಹುಡುಕುವಾಗ ಡಾಕರ್ ಪಾಥ್ ನೋಡೋದೇ ಇಲ್ಲ. ಅದರ ಹತ್ರ ತನ್ನದೇ ಒಂದು ವಿಳಾಸಪಟ್ಟಿ ಇದೆ.

ಆ ಪಟ್ಟಿಯಲ್ಲಿ ಒಂದು ನಿಮ್ಮ ಹೋಮ್ ಫೋಲ್ಡರ್ ಒಳಗಿನ '.ಡಾಕರ್/ಸಿಎಲ್‌ಐ-ಪ್ಲಗಿನ್ಸ್'. ಇನ್ನೊಂದು, ನೀವೇ ಕಾನ್ಫಿಗ್ ಫೈಲ್‌ನಲ್ಲಿ ಬರೆದು ಸೇರಿಸೋ ಫೋಲ್ಡರ್‌ಗಳು. ಇವೆರಡೂ ಆದಮೇಲೆ ಸಿಸ್ಟಮ್ ಫೋಲ್ಡರ್‌ಗಳು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅವು ನಾಲ್ಕು: '/ಯುಎಸ್ಆರ್/ಲೋಕಲ್' ಕೆಳಗಿನ ಲಿಬ್ ಮತ್ತು ಲಿಬ್‌ಎಕ್ಸೆಕ್, ಬರೀ '/ಯುಎಸ್ಆರ್' ಕೆಳಗಿನ ಲಿಬ್ ಮತ್ತು ಲಿಬ್‌ಎಕ್ಸೆಕ್. ನಾಲ್ಕರ ಒಳಗೂ 'ಡಾಕರ್/ಸಿಎಲ್‌ಐ-ಪ್ಲಗಿನ್ಸ್' ಅನ್ನೋ ಫೋಲ್ಡರ್ ಇದೆಯಾ ಅಂತ ನೋಡತ್ತೆ. ಇಷ್ಟರ ಆಚೆ ನೀವು ಎಲ್ಲೇ ಇಟ್ಟಿದ್ರೂ ಅದಕ್ಕೆ ಕಾಣಲ್ಲ.

ಈಗ ಹೋಮ್‌ಬ್ರೂ ಕಡೆ ಬನ್ನಿ. ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಎಲ್ಲವನ್ನೂ ಇಡೋದು '/ಯುಎಸ್ಆರ್/ಲೋಕಲ್' ಒಳಗೆ. ಎಂ1 ಬಂದಮೇಲೆ, ಅಂದ್ರೆ ಆ್ಯಪಲ್ ಸಿಲಿಕಾನ್ ಮೆಷಿನ್‌ಗಳಲ್ಲಿ, ಇಡೋದು '/ಆಪ್ಟ್/ಹೋಮ್‌ಬ್ರೂ' ಒಳಗೆ. ಮೊದಲನೇದು ಡಾಕರ್‌ನ ವಿಳಾಸಪಟ್ಟಿಯಲ್ಲಿದೆ, ಎರಡನೇದು ಇಲ್ಲ. ಹಾಗಾಗಿ ಪಕ್ಕದ ಸೀಟಿನ ಹಳೇ ಇಂಟೆಲ್ ಮ್ಯಾಕ್‌ನಲ್ಲಿ ಅದೇ ಎರಡು ಕಮಾಂಡ್ ಹೊಡೆದ್ರೆ ಕಂಪೋಸ್ ತಕ್ಷಣ ಓಡತ್ತೆ, ನಿಮ್ಮ ಹೊಚ್ಚ ಹೊಸ ಮೆಷಿನ್‌ನಲ್ಲಿ ಓಡಲ್ಲ. 'ನನ್ನದ್ರಲ್ಲಿ ಬರ್ತಿದೆಯಲ್ಲ' ಅಂತ ಸೀನಿಯರ್ ಭುಜ ಕುಣಿಸಿ ಹೋಗ್ತಾರೆ. ಅವರು ಸುಳ್ಳು ಹೇಳ್ತಿಲ್ಲ, ಆದ್ರೆ ಉಪಯೋಗಕ್ಕೂ ಬರಲ್ಲ.

ಇದು ಅಪರೂಪದ ಸಮಸ್ಯೆ ಅಲ್ಲ ಅನ್ನೋದಕ್ಕೆ ಕಾರಣ ಇದೆ. 2021ರ ಆಗಸ್ಟ್ ಕೊನೆಯಲ್ಲಿ ಡಾಕರ್ ಕಂಪನಿ ತನ್ನ ಡೆಸ್ಕ್‌ಟಾಪ್ ಆ್ಯಪ್‌ನ ಲೈಸೆನ್ಸ್ ಬದಲಿಸಿತು. 250 ಜನಕ್ಕಿಂತ ಹೆಚ್ಚು ನೌಕರರಿರೋ ಅಥವಾ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯದ ಕಂಪನಿಗಳು ದುಡ್ಡು ಕೊಡಬೇಕು ಅಂತಾಯ್ತು. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನಾವು ಕೆಲಸ ಮಾಡೋ ಬಹಳಷ್ಟು ಆಫೀಸುಗಳು ಆ ಲೆಕ್ಕಕ್ಕೆ ಬರ್ತವೆ. ಲೈಸೆನ್ಸ್ ಕೊಡದ ಆಫೀಸಿನಲ್ಲಿ ಡೆವಲಪರ್‌ಗಳು ಕೊಲಿಮಾದಂಥ ಬದಲಿ ಹಿಡಿದರು. ಡೆಸ್ಕ್‌ಟಾಪ್ ಆ್ಯಪ್ ತನ್ನ ಪ್ಲಗಿನ್‌ಗಳನ್ನ ಸರಿಯಾದ ಜಾಗಕ್ಕೆ ತಾನೇ ಕೂರಿಸ್ತಿತ್ತು. ಅದು ಹೋದಮೇಲೆ ಆ ಕೆಲಸ ನಮ್ಮ ತಲೆ ಮೇಲೆ.

ಪರಿಹಾರ ಎರಡಿದೆ. ಮೊದಲನೇದು ಕಾನ್ಫಿಗ್ ಫೈಲ್. ಹೋಮ್ ಫೋಲ್ಡರ್‌ನ '.ಡಾಕರ್' ಒಳಗೆ 'ಕಾನ್ಫಿಗ್.ಜೇಸನ್' ಅಂತ ಇರತ್ತೆ. ಅದರಲ್ಲಿ 'ಸಿಎಲ್‌ಐಪ್ಲಗಿನ್ಸ್‌ಎಕ್ಸ್‌ಟ್ರಾಡರ್ಸ್' ಅಂತ ಒಂದು ಕೀ ಸೇರಿಸಬೇಕು. ನಾಲ್ಕು ಪದ ಕೂಡಿಸಿ ಒಂದೇ ಪದ; 'ಸಿಎಲ್‌ಐ' ಪೂರ್ತಿ ಸಣ್ಣ ಅಕ್ಷರ, ಮಿಕ್ಕ ಮೂರು ಪದಗಳ ಮೊದಲಕ್ಷರ ಮಾತ್ರ ದೊಡ್ಡದು. ಅದರ ಬೆಲೆ ಒಂದು ಅರೇ, ಚೌಕ ಬ್ರಾಕೆಟ್ ಒಳಗೆ '/ಆಪ್ಟ್/ಹೋಮ್‌ಬ್ರೂ/ಲಿಬ್/ಡಾಕರ್/ಸಿಎಲ್‌ಐ-ಪ್ಲಗಿನ್ಸ್' ಅನ್ನೋ ಸ್ಟ್ರಿಂಗ್. ಹೋಮ್‌ಬ್ರೂ ಇನ್‌ಸ್ಟಾಲ್ ಮುಗಿದಾಗ 'ಕೇವಿಯಟ್ಸ್' ಅಂತ ತಲೆಬರಹ ಹಾಕಿ ಇದನ್ನೇ ಹೇಳತ್ತೆ. ಆದ್ರೆ ಇನ್‌ಸ್ಟಾಲ್ ಆದಮೇಲೆ ಬರೋ ಅಕ್ಷರಗಳನ್ನ ನಮ್ಮಲ್ಲಿ ಯಾರು ಓದ್ತಾರೆ? ಬೀಗರ ಮನೆ ಲಗ್ನಪತ್ರಿಕೆ ಥರ, ತಾರೀಕು ನೋಡಿ ಪಕ್ಕಕ್ಕಿಡ್ತೀವಿ. ಈಗ ಓದಬೇಕು ಅನ್ಸಿದ್ರೆ 'ಬ್ರೂ ಇನ್ಫೋ ಡಾಕರ್-ಕಂಪೋಸ್' ಹೊಡೀರಿ, ಮತ್ತೆ ತೋರ್ಸತ್ತೆ.

ಈ ಫೈಲ್ ತಿದ್ದುವಾಗ ಜೋಪಾನ. ಅದೇ ಫೈಲ್‌ನಲ್ಲಿ ನಿಮ್ಮ ರಿಜಿಸ್ಟ್ರಿ ಲಾಗಿನ್ ವಿವರಗಳೂ ಇರ್ತವೆ. ಎಲ್ಲೋ ಸಿಕ್ಕ ಒಂದು ಸಾಲನ್ನ ನಕಲು ಮಾಡಿ, ಎಕೋ ಹಾಕಿ, ಒಂದು ಬಾಣದ ಗುರುತಿನಿಂದ ಫೈಲ್‌ಗೆ ಬರೆದ್ರೆ ಪ್ಲಗಿನ್ ಸಿಗತ್ತೆ, ಲಾಗಿನ್ ಎಲ್ಲ ಅಳಿಸಿಹೋಗತ್ತೆ. ಹಾಗಾಗಿ ಎಡಿಟರ್‌ನಲ್ಲಿ ತೆರೆದು ಒಂದು ಕೀ ಸೇರಿಸಿ. ಜೇಸನ್‌ನಲ್ಲಿ ಕಾಮೆಂಟ್ ಇಲ್ಲ, ಕೊನೆಯ ಕಾಮಾ ನಡೆಯಲ್ಲ. ಇನ್ನೊಂದು, ಹೋಮ್ ಫೋಲ್ಡರ್‌ಗೆ ಟಿಲ್ಡೆ ಗುರುತು ಹಾಕಬೇಡಿ. ಟಿಲ್ಡೆಯನ್ನ ಬಿಡಿಸಿ ಓದೋದು ಶೆಲ್‌ನ ಕೆಲಸ. ಈ ಫೈಲನ್ನ ಶೆಲ್ ಓದಲ್ಲ, ಡಾಕರ್ ಓದತ್ತೆ. ಅದಕ್ಕೆ ಟಿಲ್ಡೆ ಅಂದ್ರೆ ಟಿಲ್ಡೆ ಅನ್ನೋ ಹೆಸರಿನ ಫೋಲ್ಡರ್. ಪೂರ್ತಿ ವಿಳಾಸ ಬರೀರಿ.

ಎರಡನೇ ಪರಿಹಾರ ಸಿಮ್‌ಲಿಂಕ್. ಹೋಮ್ ಫೋಲ್ಡರ್‌ನ '.ಡಾಕರ್' ಒಳಗೆ 'ಸಿಎಲ್‌ಐ-ಪ್ಲಗಿನ್ಸ್' ಫೋಲ್ಡರ್ ಮಾಡಿ, ಅಲ್ಲಿಂದ ಹೋಮ್‌ಬ್ರೂನ ಫೈಲ್‌ಗೆ ಒಂದು ಲಿಂಕ್. ಕೆಲಸ ನಡೆಯತ್ತೆ. ಆದ್ರೂ ನನ್ನ ಓಟು ಕಾನ್ಫಿಗ್ ಫೈಲ್‌ಗೆ. ಲಿಂಕ್ ಒಂದು ಪ್ಲಗಿನ್‌ಗೆ ಒಂದು. ನಾಳೆ ಬಿಲ್ಡ್‌ಎಕ್ಸ್ ಹಾಕಿದ್ರೆ ಮತ್ತೊಂದು ಲಿಂಕ್ ಹಾಕಬೇಕು. ಫೋಲ್ಡರನ್ನೇ ಪಟ್ಟಿಗೆ ಸೇರಿಸಿದ್ರೆ ಅದರೊಳಗೆ ಬರೋದೆಲ್ಲ ತಾನಾಗೇ ಸಿಗತ್ತೆ. ಎರಡನ್ನೂ ಒಟ್ಟಿಗೆ ಮಾತ್ರ ಮಾಡಬೇಡಿ. ಆರು ತಿಂಗಳಾದಮೇಲೆ ಯಾವುದು ಓಡ್ತಿದೆ ಅಂತ ನಿಮಗೇ ನೆನಪಿರಲ್ಲ.

ಲಿಂಕ್‌ಗಳ ಇನ್ನೊಂದು ಕಿರಿಕಿರಿ ಏನಂದ್ರೆ, ಅವು ಸತ್ತಮೇಲೂ ಇರ್ತವೆ. ಡಾಕರ್ ಡೆಸ್ಕ್‌ಟಾಪ್ ಇದ್ದು, ಅದನ್ನ ಆ್ಯಪ್ಲಿಕೇಶನ್ಸ್ ಫೋಲ್ಡರ್‌ನಿಂದ ಕಸದ ಬುಟ್ಟಿಗೆ ಎಳೆದು ಹಾಕಿದ ಮೆಷಿನ್ ಇದ್ರೆ 'ಡಾಕರ್ ಇನ್ಫೋ' ಹೊಡೆದು ನೋಡಿ. ಕೆಳಗಡೆ ಸಾಲುಸಾಲು ವಾರ್ನಿಂಗ್: ಈ ಪ್ಲಗಿನ್ ಸಿಂಧು ಅಲ್ಲ, ಮೆಟಾಡೇಟಾ ಸಿಗಲಿಲ್ಲ. ಆ್ಯಪ್ ಹೋಗಿದೆ, ಅದರ ಕಡೆ ಬೆರಳು ತೋರಿಸೋ ಲಿಂಕ್‌ಗಳು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಹಾಗೇ ಉಳಿದಿವೆ. ಅವನ್ನ ಅಳಿಸಿದ್ರೆ ಮುಗೀತು.

ಈ ಮೆಟಾಡೇಟಾ ವಿಷಯ ಸ್ವಲ್ಪ ಹೇಳ್ತೀನಿ, ಚೆನ್ನಾಗಿದೆ. ಹೆಸರು 'ಡಾಕರ್-'ನಿಂದ ಶುರುವಾದ ಮಾತ್ರಕ್ಕೆ ಡಾಕರ್ ಅದನ್ನ ಪ್ಲಗಿನ್ ಅಂತ ಒಪ್ಪಲ್ಲ. ಆ ಫೈಲನ್ನ ಒಂದು ನಿರ್ದಿಷ್ಟ ಪ್ರಶ್ನೆ ಜೊತೆ ಓಡಿಸಿ ನೋಡತ್ತೆ: ನೀನು ಯಾರು? ಅದು ತನ್ನ ತಯಾರಕರು ಯಾರು, ವರ್ಶನ್ ಎಷ್ಟು ಅಂತ ಜೇಸನ್‌ನಲ್ಲಿ ಉತ್ತರ ಕೊಟ್ರೆ ಮಾತ್ರ ಒಳಗೆ ಬಿಡೋದು. ಆದ್ರೆ ಇದನ್ನ ಸೆಕ್ಯುರಿಟಿ ಅಂದ್ಕೋಬೇಡಿ. ಪ್ರಶ್ನೆ ಕೇಳೋದಕ್ಕೇ ಆ ಫೈಲನ್ನ ಓಡಿಸ್ಬೇಕಲ್ಲ! ಕೆಟ್ಟ ಫೈಲ್ ಆಗಿದ್ರೆ ಕೆಲಸ ಅಲ್ಲೇ ಮುಗೀತು. ಬಾಗಿಲು ತೆರೆದು ಒಳಗೆ ಕೂರಿಸಿ 'ಯಾರಪ್ಪ ನೀನು' ಅಂತ ಕೇಳಿದ ಹಾಗೆ.

ಡಾಕರ್‌ನಲ್ಲಿ ಇನ್ನೊಂದು ತಮಾಷೆ ಇದೆ, ಪ್ಲಗಿನ್ ಅಂತ ಕರೆಯದೆ ಇರೋ ಪ್ಲಗಿನ್. ಡೆಸ್ಕ್‌ಟಾಪ್ ತೆಗೆದಮೇಲೆ ಇಮೇಜ್ ಪುಲ್ ಮಾಡಿದ್ರೆ 'ಡಾಕರ್-ಕ್ರೆಡೆನ್ಶಿಯಲ್-ಡೆಸ್ಕ್‌ಟಾಪ್ ಪಾಥ್‌ನಲ್ಲಿ ಸಿಗಲಿಲ್ಲ' ಅನ್ನೋ ಎರರ್ ನೋಡಿರ್ತೀರಿ. ಪಾಸ್‌ವರ್ಡ್ ಜೋಪಾನ ಮಾಡೋ ಈ ಸಹಾಯಕ ಪ್ರೋಗ್ರಾಂ ಕೂಡ ಬೇರೆ ಎಕ್ಸಿಕ್ಯೂಟಬಲ್ಲೇ. ಅದೇ ಕಾನ್ಫಿಗ್ ಫೈಲ್‌ನಲ್ಲಿ 'ಕ್ರೆಡ್ಸ್‌ಸ್ಟೋರ್' ಅನ್ನೋ ಕೀ ಅದರ ಹೆಸರು ಹೇಳತ್ತೆ. ಆದ್ರೆ ಇದನ್ನ ಡಾಕರ್ ಹುಡುಕೋದು ಆ ವಿಳಾಸಪಟ್ಟಿಯಲ್ಲಿ ಅಲ್ಲ, ಮಾಮೂಲಿ ಪಾಥ್‌ನಲ್ಲಿ. ಒಂದೇ ಟೂಲ್, ಎರಡು ಥರದ ಹುಡುಕಾಟ. ಹಾಗಾಗಿ ಕಂಪೋಸ್ ಸಿಗದಾಗ ಪಾಥ್ ತಿದ್ದಿದ್ರೆ ಏನೂ ಆಗಲ್ಲ, ಕ್ರೆಡೆನ್ಶಿಯಲ್ ಹೆಲ್ಪರ್ ಸಿಗದಾಗ ಪ್ಲಗಿನ್ ಫೋಲ್ಡರ್ ತಿದ್ದಿದ್ರೂ ಏನೂ ಆಗಲ್ಲ.

ಲಿನಕ್ಸ್ ಸರ್ವರ್‌ನಲ್ಲಿ ಕೇಳಿಬರೋ ದೂರು ಬೇರೆ: 'ಸುಡೊ ಇಲ್ಲದೆ ಬರತ್ತೆ, ಸುಡೊ ಹಾಕಿದ್ರೆ ಕಂಪೋಸ್ ಇಲ್ಲ ಅನ್ನತ್ತೆ'. ಈಗ ನಿಮಗೇ ಉತ್ತರ ಹೊಳೆದಿರತ್ತೆ. ಪ್ಲಗಿನ್ ಇದ್ದದ್ದು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ. ಸುಡೊ ಹಾಕಿದಾಗ ಹೋಮ್ ರೂಟ್‌ನದ್ದಾಗತ್ತೆ, ಡಾಕರ್ ರೂಟ್‌ನ ಮನೆಯಲ್ಲಿ ಹುಡುಕಿ ಬರಿಗೈಲಿ ವಾಪಸ್. ಎಲ್ಲರಿಗೂ ಬೇಕಾದ ಪ್ಲಗಿನ್ ಸಿಸ್ಟಮ್ ಫೋಲ್ಡರ್‌ನಲ್ಲೇ ಇರಲಿ. ಉಬುಂಟುವಿನಲ್ಲಿ ಡಾಕರ್‌ನದ್ದೇ ರೆಪಾಸಿಟರಿಯಿಂದ 'ಡಾಕರ್-ಕಂಪೋಸ್-ಪ್ಲಗಿನ್' ಪ್ಯಾಕೇಜ್ ಹಾಕಿದ್ರೆ ಅದು ಅಲ್ಲಿಗೇ ಹೋಗತ್ತೆ. ಇದರ ಉಲ್ಟಾ ಸಮಸ್ಯೆಯೂ ಇದೆ. ಆಪ್ಟ್ ಅಪ್‌ಗ್ರೇಡ್ ಎಷ್ಟು ಸಲ ಮಾಡಿದ್ರೂ ಕಂಪೋಸ್ ವರ್ಶನ್ ಹಳೇದೇ ತೋರಿಸ್ತಿದ್ರೆ, ಹಿಂದೆಂದೋ ಕರ್ಲ್ ಮಾಡಿ ಹೋಮ್ ಫೋಲ್ಡರ್‌ಗೆ ಹಾಕಿದ್ದ ಪ್ರತಿ ಅಲ್ಲೇ ಕೂತಿರತ್ತೆ. ಮನೆಯದ್ದನ್ನ ಮೊದಲು ನೋಡೋದರಿಂದ ಸಿಸ್ಟಮ್‌ನ ಹೊಸ ಪ್ರತಿಗೆ ಸರದಿಯೇ ಬರಲ್ಲ.

ಸಿಐ ಪೈಪ್‌ಲೈನ್ ಬರೆಯೋರಿಗೆ ಒಂದು ಮಾತು. 'ಡಾಕರ್_ಕಾನ್ಫಿಗ್' ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಕಾನ್ಫಿಗ್ ಫೋಲ್ಡರನ್ನೇ ಬೇರೆ ಕಡೆ ತೋರಿಸಬಹುದು. ಒಂದೊಂದು ಜಾಬ್‌ನ ಲಾಗಿನ್ ಬೇರೆ ಇರಲಿ ಅಂತ ಹಾಗೆ ಮಾಡ್ತಾರೆ, ಒಳ್ಳೇದೇ. ಆದ್ರೆ ಲಾಗಿನ್ ಜೊತೆ ಮನೆಯೊಳಗಿನ ಪ್ಲಗಿನ್ ಫೋಲ್ಡರ್‌ನ ವಿಳಾಸವೂ ಬದಲಾಗತ್ತೆ. ಬಿಲ್ಡ್‌ಎಕ್ಸ್ ನಿನ್ನೆವರೆಗೆ ಇತ್ತು, ಇವತ್ತಿಲ್ಲ ಅಂದ್ರೆ ಮೊದಲು ಈ ವೇರಿಯಬಲ್ ನೋಡಿ.

ಈಗ ಇನ್ನೊಂದು ಪಂಗಡ: ಗಿಟ್ ಮತ್ತು ಕ್ಯೂಬ್‌ಸಿಟಿಎಲ್. ಇವು ವಿಳಾಸಪಟ್ಟಿ ಇಟ್ಕೊಳ್ಳೋ ತಲೆನೋವು ಬೇಡ ಅಂತ ನೇರ ಪಾಥ್ ನೋಡ್ತವೆ. ಗಿಟ್‌ಗೆ ಮಾತ್ರ ತನ್ನದೇ ಒಂದು ಒಳಕೋಣೆ ಇದೆ. 'ಗಿಟ್ --ಎಕ್ಸೆಕ್-ಪಾಥ್' ಹೊಡೆದ್ರೆ ಅದರ ವಿಳಾಸ ಬರತ್ತೆ. ಅಲ್ಲಿ ಮೊದಲು, ಆಮೇಲೆ ಪಾಥ್‌ನಲ್ಲಿ. ಅಲ್ಲದೆ 'ಕಮಿಟ್', 'ಪುಶ್' ಥರದ ತನ್ನ ಸ್ವಂತ ಕಮಾಂಡ್‌ಗಳನ್ನ ಪ್ಲಗಿನ್‌ನಿಂದ ಬದಲಿಸೋಕೆ ಬಿಡಲ್ಲ.

ಕ್ಯೂಬ್‌ಸಿಟಿಎಲ್‌ನ ಇತಿಹಾಸ ಕುತೂಹಲದ್ದು. ಶುರುವಿನ ಪ್ರಾಯೋಗಿಕ ವರ್ಶನ್‌ಗಳಲ್ಲಿ ಅದಕ್ಕೂ ಡಾಕರ್ ಥರಾನೇ ಪ್ಲಗಿನ್ ಫೋಲ್ಡರ್ ಇತ್ತು, ಹುಡುಕೋ ಜಾಗ ಹೇಳೋಕೆ ಬೇರೆ ಎನ್ವಿರಾನ್ಮೆಂಟ್ ವೇರಿಯಬಲ್ ಇತ್ತು, ಪ್ರತಿ ಪ್ಲಗಿನ್ ಜೊತೆ ಒಂದು ಯಾಮಲ್ ವಿವರಣೆ ಬೇಕಿತ್ತು. 1.12ರಲ್ಲಿ ಅದೆಲ್ಲ ಎತ್ತಿ ಹಾಕಿ, ಪಾಥ್‌ನಲ್ಲಿ 'ಕ್ಯೂಬ್‌ಸಿಟಿಎಲ್-' ಅಂತ ಶುರುವಾಗೋ ಯಾವ ಎಕ್ಸಿಕ್ಯೂಟಬಲ್ ಇದ್ರೂ ಪ್ಲಗಿನ್ನೇ ಅಂತ ಮಾಡಿದ್ರು. ಪ್ಲಗಿನ್ ಬರೆಯೋರಿಗೆ ಇದಕ್ಕಿಂತ ಸಲೀಸು ಇನ್ನೇನಿದೆ, ನಾಲ್ಕು ಸಾಲಿನ ಬ್ಯಾಶ್ ಸ್ಕ್ರಿಪ್ಟ್ ಸಾಕು. ಆದ್ರೆ ಪಾಥ್‌ನ ಎಲ್ಲ ಗುಣ-ದೋಷಗಳೂ ಜೊತೆಗೆ ಬಂದ್ವು.

ಪಾಥ್‌ನ ದೊಡ್ಡ ದೋಷ, ಮೊದಲು ಸಿಕ್ಕಿದ್ದೇ ಗೆಲ್ಲೋದು. ಊರಿಂದ ಅಮ್ಮ ಕಳಿಸಿದ ಹೊಸ ಸಾರಿನ ಪುಡಿ ಶೆಲ್ಫ್‌ನ ಹಿಂದಿದೆ, ಹೋದ ವರ್ಷದ್ದು ಮುಂದಿದೆ, ಎರಡಕ್ಕೂ ಚೀಟಿ ಒಂದೇ. ಬೆಳಿಗ್ಗೆ ಆಫೀಸಿನ ಅವಸರದಲ್ಲಿ ಕೈಗೆ ಬರೋದು ಮುಂದಿನ ಡಬ್ಬಿ. ಸಾರು ಆಗತ್ತೆ, ರುಚಿ ಯಾಕೋ ಇಲ್ಲ. ಟೂಲ್ ಕೂಡ ಚೀಟಿ ನೋಡತ್ತೆ, ಒಳಗೇನಿದೆ ಅಂತಲ್ಲ.

ಸಾರಾದ್ರೆ ಪರವಾಗಿಲ್ಲ. ಪ್ಲಗಿನ್ ಓಡೋದು ನಿಮ್ಮ ಅಧಿಕಾರದಲ್ಲಿ. ನಿಮ್ಮ ಕ್ಯೂಬ್‌ಕಾನ್ಫಿಗ್ ಫೈಲನ್ನ ಓದಬಲ್ಲದು, ನಿಮಗೆ ಪ್ರೊಡಕ್ಷನ್ ಕ್ಲಸ್ಟರ್‌ನಲ್ಲಿ ಏನೇನು ಅಳಿಸೋ ಹಕ್ಕಿದೆಯೋ ಅಷ್ಟೂ ಅಳಿಸಬಲ್ಲದು. ಹಿಂದೆ ನೋಡಿದ ಒಂದು ಕಡೆ ಎಲ್ಲರೂ ಬಳಸೋ ಜಂಪ್ ಸರ್ವರ್ ಇತ್ತು. ಅದರಲ್ಲಿ ಎಲ್ಲರ ಪಾಥ್‌ನ ಮೊಟ್ಟಮೊದಲಿಗೆ ಒಂದು ಸಾಮಾನ್ಯ ಟೂಲ್ಸ್ ಫೋಲ್ಡರ್, ಇಡೀ ಗುಂಪಿಗೆ ಬರೆಯೋ ಅನುಮತಿ. ಯಾರೋ ಕೆಲಸ ಬಿಟ್ಟು ಹೋದವರ 'ಕ್ಯೂಬ್‌ಸಿಟಿಎಲ್-ಎನ್ಎಸ್' ಸ್ಕ್ರಿಪ್ಟ್ ಅಲ್ಲಿ ಉಳಿದಿತ್ತು. ಒಬ್ಬ ತನ್ನ ಹೋಮ್‌ನಲ್ಲಿ ಅದೇ ಹೆಸರಿನ ಒಳ್ಳೇ ಪ್ಲಗಿನ್ ಹಾಕ್ಕೊಂಡ. ಓಡ್ತಾ ಇದ್ದದ್ದು ಮಾತ್ರ ಹಳೇದು, ಅದರೊಳಗೆ ಒಂದು ಕ್ಲಸ್ಟರ್ ಹೆಸರು ಗಟ್ಟಿಯಾಗಿ ಬರೆದಿತ್ತು. ತಾನು ಸ್ಟೇಜಿಂಗ್‌ನಲ್ಲಿದ್ದೀನಿ ಅಂತ ಅವನು ತಿಳಿದಿದ್ದ, ಸ್ಕ್ರಿಪ್ಟ್ ಅವನನ್ನ ಬೇರೆಡೆ ಕೂರಿಸಿತ್ತು. ಮುಂದಿನ ಕಮಾಂಡ್ ಡಿಲೀಟ್ ಆಗಿರಲಿಲ್ಲ, ಪಾಡ್‌ಗಳ ಪಟ್ಟಿ ಕೇಳಿದ್ದ ಅಷ್ಟೇ. ಗುರುತಿಲ್ಲದ ಹೆಸರುಗಳು ಕಂಡು ಕೈ ಹಿಂದೆ ತಗೊಂಡ. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಇದ್ದಿದ್ರೆ ಅದೇ ಫೋಲ್ಡರ್‌ನಲ್ಲಿ, ಅದೇ ಹೆಸರಿನಲ್ಲಿ ಏನು ಬೇಕಾದ್ರೂ ಇಡಬಹುದಿತ್ತು.

ಹಾಗಾಗಿ ನಾನು ಪದೇಪದೇ ಹೇಳೋದು, ಸರ್ಚ್ ಪಾಥ್ ಬರೆಯೋದು ಅಂದ್ರೆ ಬರೀ ಸೌಕರ್ಯದ ಸೆಟ್ಟಿಂಗ್ ಅಲ್ಲ, ಯಾರ ಕೋಡನ್ನ ನನ್ನ ಹೆಸರಲ್ಲಿ ಓಡಿಸಬಹುದು ಅನ್ನೋ ಪಟ್ಟಿ ಬರೆದ ಹಾಗೆ. ಆ ಪಟ್ಟಿಯ ಒಂದೊಂದು ಫೋಲ್ಡರ್‌ಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದರೊಳಗೆ ಬರೆಯೋಕೆ ಯಾರಿಗೆ ಅನುಮತಿ ಇದೆ? ನಿಮಗೆ ಅಥವಾ ರೂಟ್‌ಗೆ ಮಾತ್ರ ಇದ್ರೆ ಸರಿ. ಗುಂಪಿಗೆಲ್ಲ ಇದ್ರೆ ಅದು ಪಟ್ಟಿಯ ಕೊನೆಗೂ ಬೇಡ.

ಕ್ಯೂಬ್‌ಸಿಟಿಎಲ್ ಇಲ್ಲಿ ಒಂದು ಉಪಕಾರ ಮಾಡತ್ತೆ. 'ಕ್ಯೂಬ್‌ಸಿಟಿಎಲ್ ಪ್ಲಗಿನ್ ಲಿಸ್ಟ್' ಹೊಡೆದ್ರೆ ಸಿಕ್ಕ ಎಲ್ಲ ಪ್ಲಗಿನ್‌ಗಳ ಪೂರ್ತಿ ವಿಳಾಸ ಕೊಡತ್ತೆ. ಒಂದೇ ಹೆಸರಿನ ಎರಡಿದ್ರೆ, ಇದರ ಮೇಲೆ ಅದರ ನೆರಳು ಬಿದ್ದಿದೆ ಅಂತ ವಾರ್ನಿಂಗ್ ಕೊಡತ್ತೆ. ಎಕ್ಸಿಕ್ಯೂಟ್ ಅನುಮತಿ ಇಲ್ಲದ್ದನ್ನೂ ಹೇಳತ್ತೆ. ವಾರ್ನಿಂಗ್ ಇದ್ರೆ ಕಮಾಂಡ್ ಫೇಲ್ ಆದ ಹಾಗೆ ಎಕ್ಸಿಟ್ ಆಗೋದರಿಂದ ಜಂಪ್ ಸರ್ವರ್‌ನಲ್ಲಿ ದಿನಕ್ಕೊಮ್ಮೆ ಓಡಿಸಿ ಮೇಲ್ ಕಳಿಸೋ ಹಾಗೆ ಮಾಡಬಹುದು. ಗಿಟ್‌ಗೆ ಇಷ್ಟು ವಿವರ ಇಲ್ಲ. 'ಗಿಟ್ ಹೆಲ್ಪ್ -ಎ' ಹೊರಗಿನ ಕಮಾಂಡ್‌ಗಳ ಹೆಸರು ಕೊಡತ್ತೆ, ಆಮೇಲೆ 'ಟೈಪ್ -ಎ ಗಿಟ್-ಏನೋ' ಅಂತ ಶೆಲ್‌ಗೆ ಕೇಳಿದ್ರೆ ಪಾಥ್‌ನಲ್ಲಿರೋ ಎಲ್ಲ ಪ್ರತಿಗಳೂ ಸರದಿಯಲ್ಲಿ ಬರ್ತವೆ.

ಕ್ರೂ ಅನ್ನೋ ಪ್ಲಗಿನ್ ಮ್ಯಾನೇಜರ್ ಬಳಸೋರು ಹೋಮ್ ಫೋಲ್ಡರ್‌ನ '.ಕ್ರೂ/ಬಿನ್' ಅನ್ನ ಪಾಥ್‌ಗೆ ಸೇರಿಸಬೇಕು. ಅದರ ಸೂಚನೆಯಲ್ಲಿ ಪಾಥ್‌ನ ಮುಂದೆ ಸೇರಿಸೋಕೆ ಹೇಳಿದ್ದಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ನಾನು ಹಿಂದೆ ಸೇರಿಸ್ತೀನಿ. ಮುಂದಿದ್ರೆ ಆ ಫೋಲ್ಡರ್‌ಗೆ ಬಂದ ಯಾವುದೇ ಫೈಲ್ ನನ್ನ ಸಿಸ್ಟಮ್‌ನ ಅದೇ ಹೆಸರಿನ ಕಮಾಂಡನ್ನ ಮರೆ ಮಾಡಬಹುದು. ಹಿಂದಿದ್ರೆ ಸಿಸ್ಟಮ್‌ನಲ್ಲಿ ಇಲ್ಲದ್ದು ಮಾತ್ರ ಅಲ್ಲಿಂದ ಬರತ್ತೆ. ನಾನು ಹೇಳಿದ್ದೇ ಸರಿ ಅಂತಲ್ಲ, ಹಳೇ ಪ್ಲಗಿನ್ ಸಿಸ್ಟಮ್‌ನಲ್ಲಿದ್ರೆ ಹೊಸದು ಸಿಗದೇ ಇರೋ ತೊಂದರೆ ಇದರಲ್ಲಿದೆ.

ಪಾಥ್ ತಿದ್ದುವಾಗ ಕೋಲನ್ ಮೇಲೆ ಕಣ್ಣಿಡಿ. ಶುರುವಿನಲ್ಲಿ ಒಂದು ಕೋಲನ್, ಕೊನೆಯಲ್ಲಿ ಒಂದು ಕೋಲನ್, ಅಥವಾ ನಡುವೆ ಎರಡು ಒಟ್ಟಿಗೆ ಇದ್ರೆ ಆ ಖಾಲಿ ಜಾಗಕ್ಕೆ ಯುನಿಕ್ಸ್ ಲೋಕದಲ್ಲಿ ಒಂದು ಹಳೇ ಅರ್ಥ ಇದೆ: ಈಗ ನಿಂತಿರೋ ಫೋಲ್ಡರ್. ಅಂದ್ರೆ ನೀವು ಯಾರದ್ದೋ ರೆಪೊ ಕ್ಲೋನ್ ಮಾಡಿ ಒಳಗೆ ಹೋದ್ರೆ, ಆ ರೆಪೊದೊಳಗಿನ ಫೈಲ್‌ಗಳೂ ನಿಮ್ಮ ಕಮಾಂಡ್‌ಗಳಾಗೋಕೆ ಅರ್ಹ. ಖಾಲಿ ವೇರಿಯಬಲ್ ಒಂದನ್ನ ಪಾಥ್‌ಗೆ ಅಂಟಿಸಿದ್ರೆ ಇದು ಸದ್ದಿಲ್ಲದೆ ಆಗಿಬಿಡತ್ತೆ. ಗೋ ಭಾಷೆಯವರು 2022ರಲ್ಲಿ, 1.19 ವರ್ಶನ್‌ನಿಂದ, ಹೀಗೆ ಈಗಿನ ಫೋಲ್ಡರ್‌ನಲ್ಲಿ ಸಿಕ್ಕಿದ ಪ್ರೋಗ್ರಾಂಗೆ ತಮ್ಮ ಲೈಬ್ರರಿ ಎರರ್ ಕೊಡೋ ಹಾಗೆ ಮಾಡಿದ್ರು. ಆದ್ರೂ ಆ ಎರರನ್ನ ಪಾಲಿಸೋದು ಬಿಡೋದು ಒಂದೊಂದು ಟೂಲ್‌ಗೆ ಬಿಟ್ಟದ್ದು. ನಿಮ್ಮ ಪಾಥನ್ನ ನೀವೇ ಶುಚಿಯಾಗಿಟ್ಕೊಳ್ಳಿ.

ಈಗಿನ ಫೋಲ್ಡರನ್ನ ನಂಬೋದರ ಅಪಾಯ ಎಷ್ಟು ಅನ್ನೋದಕ್ಕೆ ಅದೇ ವರ್ಷದ ಗಿಟ್ ಕಥೆ ಇದೆ. ಇದು ಪ್ಲಗಿನ್ ಅಲ್ಲ, ಕಾನ್ಫಿಗ್ ಹುಡುಕಾಟ, ಆದ್ರೆ ಜಾತಿ ಒಂದೇ. ಗಿಟ್ ತನ್ನ '.ಗಿಟ್' ಫೋಲ್ಡರ್ ಸಿಗೋವರೆಗೆ ಒಂದೊಂದೇ ಮೆಟ್ಟಿಲು ಮೇಲೆ ಹತ್ತಿ ಹುಡುಕತ್ತೆ. ಹಲವರು ಬಳಸೋ ವಿಂಡೋಸ್ ಮೆಷಿನ್‌ನಲ್ಲಿ ಒಬ್ಬ ಸಿ ಡ್ರೈವ್‌ನ ಬುಡದಲ್ಲೇ '.ಗಿಟ್' ಮಾಡಿಟ್ರೆ, ಇನ್ನೊಬ್ಬರು ರೆಪೊ ಅಲ್ಲದ ಫೋಲ್ಡರ್‌ನಲ್ಲಿ ಗಿಟ್ ಓಡಿಸಿದಾಗ ಅದು ಸಿಗತ್ತೆ. ಅದರ ಕಾನ್ಫಿಗ್‌ನಲ್ಲಿ ಬರೆದ ಕಮಾಂಡ್ ಇವರ ಅಧಿಕಾರದಲ್ಲಿ ಓಡತ್ತೆ. ಪ್ರಾಂಪ್ಟ್‌ನಲ್ಲಿ ಬ್ರಾಂಚ್ ಹೆಸರು ತೋರಿಸೋ ಅಲಂಕಾರ ಹಾಕ್ಕೊಂಡಿದ್ರೆ ಗಿಟ್ ಅಂತ ಟೈಪ್ ಕೂಡ ಮಾಡಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ 2.35.2 ವರ್ಶನ್ ಇದನ್ನ ಮುಚ್ಚಿತು: ಫೋಲ್ಡರ್‌ನ ಒಡೆಯ ನೀವಲ್ಲದಿದ್ರೆ ಗಿಟ್ ಮುಂದುವರಿಯಲ್ಲ. ಡಾಕರ್ ಕಂಟೇನರ್ ಒಳಗೆ 'ಡ್ಯೂಬಿಯಸ್ ಓನರ್‌ಶಿಪ್' ಅಂತ ಬಂದು ಬೈಕೊಂಡಿರ್ತೀರಲ್ಲ, ಅದು ಇದೇ. 'ಸೇಫ್.ಡೈರೆಕ್ಟರಿ'ಗೆ ನಕ್ಷತ್ರ ಹಾಕಿ ಎಲ್ಲಕ್ಕೂ ಬಾಗಿಲು ತೆರೆಯೋ ಮುಂಚೆ ಆ ಒಂದು ಫೋಲ್ಡರ್‌ನ ಹೆಸರು ಬರೆದ್ರೆ ಸಾಕಾಗತ್ತಾ ನೋಡಿ.

ಆ್ಯನ್ಸಿಬಲ್‌ನವರಿಗೂ ಇದೇ ಹುಷಾರು. ಅದು ಈಗಿನ ಫೋಲ್ಡರ್‌ನ 'ಆ್ಯನ್ಸಿಬಲ್.ಸಿಎಫ್‌ಜಿ' ಓದತ್ತೆ, ಪ್ಲಗಿನ್ ಫೋಲ್ಡರ್‌ಗಳ ವಿಳಾಸ ಅದರಲ್ಲೇ ಬರೆಯೋದು. ಆದ್ರೆ ಆ ಫೋಲ್ಡರ್‌ಗೆ ಯಾರು ಬೇಕಾದ್ರೂ ಬರೆಯೋ ಹಾಗಿದ್ರೆ ಫೈಲನ್ನ ನೋಡದೇ ಬಿಡತ್ತೆ, ಒಂದು ವಾರ್ನಿಂಗ್ ಕೊಟ್ಟು. ವಿಂಡೋಸ್‌ನ ಡಬ್ಲ್ಯುಎಸ್ಎಲ್‌ನಲ್ಲಿ ಸಿ ಡ್ರೈವ್ ಒಳಗೆ ಪ್ರಾಜೆಕ್ಟ್ ಇಟ್ಕೊಂಡವರಿಗೆ 'ನನ್ನ ಪ್ಲಗಿನ್ ಯಾಕೆ ಸಿಗ್ತಿಲ್ಲ' ಅನ್ನೋದು ಇದರಿಂದ. ಅಲ್ಲಿ ಫೈಲ್‌ಗಳಿಗೆಲ್ಲ ಡಿಫಾಲ್ಟ್ ಆಗಿ 777 ಅನುಮತಿ ಕಾಣತ್ತೆ. ಪ್ರಾಜೆಕ್ಟನ್ನ ಲಿನಕ್ಸ್ ಹೋಮ್‌ಗೆ ತಂದ್ರೆ ಸರಿಹೋಗತ್ತೆ.

ಟರ್ಮಿನಲ್‌ನಲ್ಲಿ ಎಲ್ಲ ಸರಿ, ಎಡಿಟರ್‌ನಲ್ಲಿ ಅಥವಾ ಕ್ರಾನ್‌ನಲ್ಲಿ ಪ್ಲಗಿನ್ ಇಲ್ಲ ಅನ್ನೋರಿಗೆ: ಪಾಥ್ ನಿಮ್ಮ ಶೆಲ್‌ನ ಆಸ್ತಿ, ಮೆಷಿನ್‌ನದ್ದಲ್ಲ. ಮ್ಯಾಕ್‌ನಲ್ಲಿ ಡಾಕ್‌ನಿಂದ ತೆರೆದ ಆ್ಯಪ್‌ಗೆ ನಿಮ್ಮ ಜೆಡ್‌ಶೆಲ್ ಫೈಲ್‌ನ ಪಾಥ್ ತಾನಾಗೇ ಸಿಗಲ್ಲ. ಕ್ರಾನ್‌ಗೆ ಸಿಗೋದು ತೀರಾ ಪುಟ್ಟ ಪಾಥ್. ಕ್ರಾನ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಪಾಥ್ ಪೂರ್ತಿ ಬರೀರಿ. ವಿಳಾಸಪಟ್ಟಿ ಇಟ್ಕೊಳ್ಳೋ ಡಾಕರ್ ಈ ವಿಷಯದಲ್ಲಿ ವಾಸಿ. ಹೋಮ್ ಸರಿ ಇದ್ರೆ ಎಲ್ಲಿಂದ ಕರೆದ್ರೂ ಅದೇ ಪ್ಲಗಿನ್.

ಕೊನೆಗೆ ಟೆರಾಫಾರ್ಮ್, ಚುಟುಕಾಗಿ. ಅದರ ಪ್ಲಗಿನ್‌ಗಳಿಗೆ ಪ್ರೊವೈಡರ್ ಅಂತ ಹೆಸರು, ಸಾಮಾನ್ಯವಾಗಿ ರಿಜಿಸ್ಟ್ರಿಯಿಂದ ಡೌನ್‌ಲೋಡ್ ಆಗ್ತವೆ. ಆಫೀಸಿನ ಪ್ರಾಕ್ಸಿ ಬಿಡಲ್ಲ ಅಂತ ಯಾರಾದ್ರೂ ಹೋಮ್‌ನ '.ಟೆರಾಫಾರ್ಮ್.ಡಿ/ಪ್ಲಗಿನ್ಸ್' ಒಳಗೆ ಕೈಯಾರೆ ಒಂದು ಪ್ರೊವೈಡರ್ ಇಟ್ಟಿದ್ರೆ, ಆ ಪ್ರೊವೈಡರ್ ಮಟ್ಟಿಗೆ ಟೆರಾಫಾರ್ಮ್ ಆ ಫೋಲ್ಡರನ್ನ ಮಾತ್ರ ನಂಬತ್ತೆ, ರಿಜಿಸ್ಟ್ರಿಗೆ ಹೋಗೋದೇ ಇಲ್ಲ. ಹೊಸ ವರ್ಶನ್ ಕೇಳಿದ್ರೆ 'ಸಿಗಲಿಲ್ಲ' ಅನ್ನತ್ತೆ, ರಿಜಿಸ್ಟ್ರಿಯಲ್ಲಿ ಕಣ್ಣೆದುರೇ ಇದ್ರೂ. ಇದನ್ನ ಬೇಕಂತಲೇ ಮಾಡೋದಾದ್ರೆ '.ಟೆರಾಫಾರ್ಮ್‌ಆರ್‌ಸಿ' ಫೈಲ್‌ನಲ್ಲಿ 'ಪ್ರೊವೈಡರ್_ಇನ್‌ಸ್ಟಾಲೇಶನ್' ಬ್ಲಾಕ್ ಹಾಕಿ, ಯಾವುದು ಲೋಕಲ್ ಫೋಲ್ಡರ್‌ನಿಂದ, ಯಾವುದು ನೇರ ರಿಜಿಸ್ಟ್ರಿಯಿಂದ ಅಂತ ಬಿಡಿಸಿ ಬರೀರಿ. ಆ ಬ್ಲಾಕ್ ಇದ್ರೆ ಅದು ತಾನಾಗಿ ಹೋಮ್ ಫೋಲ್ಡರ್‌ನಲ್ಲಿ ಇಣುಕೋದನ್ನ ನಿಲ್ಲಿಸತ್ತೆ. ಇದರ ಲಾಕ್ ಫೈಲ್‌ನಲ್ಲಿ ಪ್ರತಿ ಪ್ರೊವೈಡರ್‌ನ ಚೆಕ್‌ಸಮ್ ಇರತ್ತೆ, 0.14 ವರ್ಶನ್‌ನಿಂದ. ಹೆಸರು ಒಂದೇ ಇದ್ದು ಒಳಗಿನ ಸರಕು ಬದಲಾಗಿದ್ರೆ ಇನಿಟ್ ಅಲ್ಲೇ ನಿಲ್ಲತ್ತೆ. ನಾವು ನೋಡಿದ ಇಷ್ಟು ಟೂಲ್‌ಗಳಲ್ಲಿ ಚೀಟಿ ಓದಿ ಸುಮ್ಮನಾಗದೆ ಡಬ್ಬಿ ತೆರೆದು ನೋಡೋದು ಇದೊಂದೇ. ಆ ಲಾಕ್ ಫೈಲನ್ನ ಗಿಟ್‌ಇಗ್ನೋರ್‌ಗೆ ಹಾಕಿರೋ ರೆಪೊ ನಿಮ್ಮಲ್ಲಿದ್ರೆ ಇವತ್ತೇ ತೆಗೀರಿ.